ಹಲ್ಲಿ ಬಿದ್ದರೆ ಕವರ್ ಆಗಲ್ಲ: ಎಎಂಸಿಗೆ ಸಹಿ ಹಾಕುವ ಮುಂಚೆ, ಹಾಕಿದ ಮೇಲೆ

ಪುನರ್ವಸು ಮಳೆ ಹಿಡಿದ ನಾಲ್ಕನೇ ದಿನ ನಮ್ಮ ವಾಷಿಂಗ್ ಮಷೀನ್ ನಿಂತಿತು. ತೀರ್ಥಹಳ್ಳಿ ಕಡೆ ಆ ಹೊತ್ತಿಗೆ ಬಟ್ಟೆ ಒಣಗಿಸೋಕೆ ಬಚ್ಚಲ ಒಲೆ ಮೇಲಿನ ಗಳವೊಂದೇ ಗತಿ. ಮಕ್ಕಳ ಯೂನಿಫಾರ್ಮಿಗೆಲ್ಲ ಹೊಗೆ ವಾಸನೆ. ಎಎಂಸಿ, ಅಂದರೆ ದುಡ್ಡು ಕಟ್ಟಿ ಮಾಡಿಕೊಂಡ ವಾರ್ಷಿಕ ನಿರ್ವಹಣೆ ಒಪ್ಪಂದ, ಇದೆಯಲ್ಲ ಅನ್ನೋ ಧೈರ್ಯದಲ್ಲಿ ಫೋನ್ ಮಾಡಿದೆ. ಆರು ದಿನ ಬಿಟ್ಟು ಶಿವಮೊಗ್ಗದಿಂದ ಹುಡುಗ ಬಂದ. ಹಿಂದಿನ ಮುಚ್ಚಳ ಬಿಚ್ಚಿ, ಮೊಬೈಲ್ ಟಾರ್ಚ್ ಹಾಕಿ, "ಸಾರ್, ಇಲ್ಲಿ ನೋಡಿ" ಎಂದ. ಹಸಿರು ಬೋರ್ಡಿನ ಮೇಲೆ ಒಣಗಿ ಚಕ್ಕೆಯಾದ ಒಂದು ಹಲ್ಲಿ. ಬಾಲ ಅರ್ಧ ಸುಟ್ಟು ಕರಕಲಾಗಿತ್ತು.

"ಬೋರ್ಡ್ ಹೋಗಿದೆ. 7,400 ಆಗುತ್ತೆ. ಹಲ್ಲಿ ಬಿದ್ದರೆ ಕವರ್ ಆಗಲ್ಲ ಸಾರ್."

ಎಲ್ಲಿ ಬರೆದಿದೆ ಎಂದು ಕೇಳಿದೆ. ಫೋನಿನಲ್ಲಿ ಒಂದು ಫೋಟೊ ತೋರಿಸಿದ. ಸಣ್ಣ ಅಕ್ಷರದ ಇಂಗ್ಲಿಷ್. ಕನ್ನಡದಲ್ಲಿ ಹೇಳುವುದಾದರೆ ಅದರ ಸಾರ ಇಷ್ಟು: ಇಲಿ, ಹಲ್ಲಿ, ಇರುವೆ, ಜಿರಳೆ, ಸಿಡಿಲು, ವೋಲ್ಟೇಜ್ ಏರಿಳಿತ, ತೇವಾಂಶ, ಇವುಗಳಿಂದ ಆದ ಹಾನಿ ಒಪ್ಪಂದದಲ್ಲಿ ಸೇರಿಲ್ಲ. ಓದಿ ನಗು ಬಂತು. ಮಲೆನಾಡಿನ ಮನೆಯಲ್ಲಿ ಯಂತ್ರ ಕೆಡುವುದೇ ಈ ಏಳು ಕಾರಣಕ್ಕೆ. ಇವನ್ನೆಲ್ಲ ತೆಗೆದ ಮೇಲೆ ನಾನು ದುಡ್ಡು ಕೊಟ್ಟಿದ್ದು ಯಾತಕ್ಕೆ?

ನನ್ನ ಹತ್ತಿರ ಇದ್ದದ್ದು ಒಂದು ಹಳದಿ ರಸೀದಿ ಅಷ್ಟೇ. ಆ ಷರತ್ತಿನ ಹಾಳೆಯನ್ನು ಯಾರೂ ಕೊಟ್ಟಿರಲಿಲ್ಲ. ಅವತ್ತು ಅದು ನನ್ನ ದಡ್ಡತನ ಅನ್ನಿಸಿತು. ಆಮೇಲೆ ಕೈ ಹಿಡಿದಿದ್ದೂ ಅದೇ. ಅದು ಹೇಗೆ ಅನ್ನೋದನ್ನು ಮುಂದೆ ಹೇಳುತ್ತೇನೆ.

ಕಾನೂನಿನಲ್ಲಿ ನಮಗೆ ಏನಿದೆ

ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಸರ್ವಿಸ್ ಒಪ್ಪಂದ ಮಾರುವವರು ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ತಗೊಂಡವರು ಇಂತಿಷ್ಟು ದಿನದೊಳಗೆ ಬೇಡ ಎಂದು ವಾಪಸ್ ಕೊಡಬಹುದು. ನಮ್ಮಲ್ಲಿ ಎಎಂಸಿಗೆ, ಎಕ್ಸ್‌ಟೆಂಡೆಡ್ ವಾರಂಟಿಗೆ (ಕಂಪನಿ ವಾರಂಟಿಯ ಮೇಲೆ ದುಡ್ಡು ಕೊಟ್ಟು ಕೊಳ್ಳುವ ಹೆಚ್ಚುವರಿ ವಾರಂಟಿಗೆ) ಅಂತಲೇ ಬೇರೆ ಕಾಯ್ದೆ ಇಲ್ಲ. ಜೀವ ವಿಮೆ, ಆರೋಗ್ಯ ವಿಮೆ ತಗೊಂಡರೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಹಿಂತಿರುಗಿಸಬಹುದು. ವಾಟರ್ ಪ್ಯೂರಿಫೈಯರ್ ಎಎಂಸಿಗೆ ಆ ಸೌಲಭ್ಯ ಇಲ್ಲ. ಆದ್ದರಿಂದ ಸಹಿ ಹಾಕುವ ಮುಂಚಿನ ಹತ್ತು ನಿಮಿಷಕ್ಕೆ ನಮ್ಮಲ್ಲಿ ಬೆಲೆ ಜಾಸ್ತಿ.

ಹಾಗಂತ ಕೈ ಖಾಲಿಯೇನಲ್ಲ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಇದೆ. ಹಳೆಯ 1986ರ ಕಾಯ್ದೆಯಲ್ಲಿ ಇಲ್ಲದ ಒಂದು ಮಾತು ಇದರಲ್ಲಿದೆ: ಅನ್ಯಾಯದ ಒಪ್ಪಂದ. ವಿಪರೀತ ಡಿಪಾಸಿಟ್ ಕೇಳುವುದು, ಆದ ನಷ್ಟಕ್ಕೆ ತಾಳಮೇಳವಿಲ್ಲದ ದಂಡ ಹಾಕುವುದು, ಸಾಲವನ್ನು ಮುಂಚೆಯೇ ತೀರಿಸಲು ಬಂದರೆ ಒಪ್ಪದಿರುವುದು, ಸರಿಯಾದ ಕಾರಣವಿಲ್ಲದೆ ಒಂದೇ ಕಡೆಯವರು ಒಪ್ಪಂದ ಮುರಿಯಬಹುದು ಎನ್ನುವುದು, ನಿಮ್ಮನ್ನು ಕೇಳದೆ ನಿಮಗೆ ತೊಂದರೆಯಾಗುವ ಹಾಗೆ ಒಪ್ಪಂದವನ್ನು ಇನ್ನೊಬ್ಬರಿಗೆ ದಾಟಿಸುವುದು, ಗ್ರಾಹಕನ ಮೇಲೆ ಅತಿಯಾದ ಖರ್ಚು ಇಲ್ಲವೇ ಷರತ್ತು ಹೇರುವುದು, ಈ ಆರು ಅದರಲ್ಲಿ ಬರುತ್ತವೆ. ಇದರ ಜೊತೆಗೆ ಸೇವೆಯಲ್ಲಿ ಕೊರತೆ, ಅನುಚಿತ ವ್ಯಾಪಾರ ಪದ್ಧತಿ ಅನ್ನೋ ಹಳೆಯ ಎರಡು ಅಸ್ತ್ರಗಳೂ ಹಾಗೇ ಉಳಿದಿವೆ. ಬಿಲ್ಲು ಕೊಡದೇ ಇರುವುದು ಕೂಡ ಈಗ ಅನುಚಿತ ವ್ಯಾಪಾರ ಪದ್ಧತಿಯೇ.

ಯಾವ ಅಸ್ತ್ರ ಯಾವಾಗ ಎತ್ತಬೇಕು ಅನ್ನೋದರಲ್ಲಿ ಒಂದು ಸಿಕ್ಕು ಇದೆ. ಗ್ರಾಹಕರ ದೂರು ಕೇಳುವ ಗ್ರಾಹಕ ಆಯೋಗದ ವಿಷಯ ಬಂದಾಗ ಬಿಡಿಸುತ್ತೇನೆ.

ಸಹಿಗೆ ಮುಂಚೆ

ಮೊದಲ ಪ್ರಶ್ನೆ: ಇದು ಕಾಂಪ್ರಹೆನ್ಸಿವಾ, ನಾನ್ ಕಾಂಪ್ರಹೆನ್ಸಿವಾ? ಮೊದಲನೆಯದರಲ್ಲಿ ಬಿಡಿಭಾಗವೂ ಸೇರುತ್ತದೆ, ಎರಡನೆಯದರಲ್ಲಿ ಬಂದು ನೋಡುವ ಕೂಲಿ ಮಾತ್ರ. ಬಾಯಲ್ಲಿ "ಎಲ್ಲಾ ಸೇರುತ್ತೆ" ಅನ್ನುತ್ತಾರೆ. ಕಾಗದದಲ್ಲಿ ನೋಡಿದರೆ ಫಿಲ್ಟರ್ ಇಲ್ಲ, ಮೆಂಬ್ರೇನ್ ಇಲ್ಲ, ಪ್ಲಾಸ್ಟಿಕ್ ಭಾಗ ಯಾವುದೂ ಇಲ್ಲ. ಯಾವ ಭಾಗ, ವರ್ಷಕ್ಕೆ ಎಷ್ಟು ಸಲ, ಹೆಸರು ಹಿಡಿದು ಬರೆಸಿಕೊಳ್ಳಿ. ಇನ್ನೊಂದು ಮಾತು. ನಮ್ಮ ಕಡೆಯ ಎಷ್ಟೋ ಬಾವಿ ನೀರಿನಲ್ಲಿ ಲವಣಾಂಶವೇ ಕಡಿಮೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಕುಡಿಯುವ ನೀರಿನ ಭಾರತೀಯ ಮಾನದಂಡದ ಆ ಲೆಕ್ಕಕ್ಕೆ ಸರಿಹೋಯಿತು. ಆರ್‌ಒ ಯಂತ್ರವೇ ಬೇಕಾ ಅಂತ ಮೊದಲು ನೀರು ಪರೀಕ್ಷೆ ಮಾಡಿಸಿ. ಯಂತ್ರವೇ ಬೇಡವಾದರೆ ಎಎಂಸಿ ತಲೆನೋವೂ ಇಲ್ಲ, ಅಲ್ವಾ?

ಎರಡನೆಯದು ದೂರ. ಇದನ್ನು ಪೇಟೆಯವರು ಕೇಳುವುದೇ ಇಲ್ಲ, ನಾವು ಕೇಳಲೇಬೇಕು. ಒಪ್ಪಂದದಲ್ಲಿ ಎಲ್ಲೋ ಒಂದು ಕಡೆ "ಊರಿನ ಮಿತಿಯೊಳಗೆ" ಅಂತಲೋ, ಇಂತಿಷ್ಟು ಕಿಲೋಮೀಟರ್ ದಾಟಿದರೆ ಹೋಗಿಬರುವ ಖರ್ಚು ಬೇರೆ ಅಂತಲೋ ಇರುತ್ತದೆ. ಹೊಸನಗರದ ಒಳಗಿನ ಒಂಟಿ ಮನೆಗೆ ಶಿವಮೊಗ್ಗದಿಂದ ಬರಬೇಕೆಂದರೆ ಆ ಖರ್ಚೇ ಎಎಂಸಿ ದುಡ್ಡನ್ನು ಮೀರಿಸಬಹುದು.

ಮೂರನೆಯದು ಆ ಹಲ್ಲಿ ಪಟ್ಟಿ. 'ಏನು ಸೇರಿಲ್ಲ' ಅನ್ನೋ ಭಾಗವನ್ನೇ ಮೊದಲು ಓದಿ. ಸಿಡಿಲು, ವೋಲ್ಟೇಜ್ ಎರಡೂ ಅಲ್ಲಿದ್ದರೆ ಸ್ಟೆಬಿಲೈಸರ್, ಅರ್ತಿಂಗ್ ಬಗ್ಗೆ ಷರತ್ತು ಇದೆಯಾ ನೋಡಿ. "ಸ್ಟೆಬಿಲೈಸರ್ ಹಾಕಿರಲಿಲ್ಲ, ಅದಕ್ಕೇ ಕೊಡಲ್ಲ" ಅನ್ನೋದು ಮಾಮೂಲಿ ನೆಪ. ಹಾಕಿದ್ದರೆ ಅದರ ಬಿಲ್ಲು ಇಟ್ಟುಕೊಳ್ಳಿ. ಪದೇಪದೇ ವೋಲ್ಟೇಜ್ ಸಮಸ್ಯೆ ಇದ್ದರೆ 1912ಕ್ಕೆ ಕರೆ ಮಾಡಿ ಮೆಸ್ಕಾಂನಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ನಾಲ್ಕನೆಯದು, ಮಾತು ಕೊಡುತ್ತಿರುವವರು ಯಾರು? ತಯಾರಿಸಿದ ಕಂಪನಿಯಾ, ಅಂಗಡಿಯಾ, ಹೆಸರೇ ಕೇಳದ ಮೂರನೆಯವರಾ? ಎಕ್ಸ್‌ಟೆಂಡೆಡ್ ವಾರಂಟಿಯಲ್ಲಂತೂ ಇದು ಮುಖ್ಯ. ಟಿವಿ ಮೇಲಿರುವ ಹೆಸರಿಗೂ ವಾರಂಟಿ ಕೊಟ್ಟವರಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಯಂತ್ರದ ಸೀರಿಯಲ್ ನಂಬರ್ ಕಾಗದದ ಮೇಲೆ ಇರಲೇಬೇಕು. ಕಂಪನಿ ವಾರಂಟಿ ಮುಗಿದ ಮಾರನೇ ದಿನದಿಂದ ಲೆಕ್ಕವೋ, ಕೊಂಡ ದಿನದಿಂದಲೋ ಅನ್ನೋದನ್ನೂ ನೋಡಿ. ಕೊಂಡ ದಿನದಿಂದ ಅಂತಿದ್ದರೆ ಮೊದಲ ವರ್ಷ ನೀವು ಸುಮ್ನೆ ದುಡ್ಡು ಕೊಟ್ಟ ಹಾಗೆ.

ಇಷ್ಟೆಲ್ಲ ಕೇಳಿದ ಮೇಲೆ ಅವರು ಬಾಯಲ್ಲಿ ಒಪ್ಪಿಕೊಂಡಿದ್ದನ್ನು ಅದೇ ಕಾಗದದ ಖಾಲಿ ಜಾಗದಲ್ಲಿ ಪೆನ್ನಿನಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಏನೂ ತೊಂದರೆಯಿಲ್ಲ. "ಫೋನ್ ಮಾಡಿದ 3 ದಿನದೊಳಗೆ ಬರುವುದು. ಮನೆ ಪೇಟೆಯಿಂದ 18 ಕಿ.ಮೀ. ಪ್ರಯಾಣದ ಖರ್ಚು ಇಲ್ಲ." ಕೆಳಗೆ ಅವರ ಸಹಿ, ತಾರೀಖು, ಸೀಲು. ಕೊನೆಗೆ ಎಲ್ಲ ಪುಟದ ಫೋಟೊ. ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಆ ಮಾತಿನ ಬೆಲೆ ಎಷ್ಟೆಂದು ಅಲ್ಲೇ ತಿಳಿಯಿತು.

ದುಡ್ಡು ಕೊಡುವಾಗ

"ನಿಮ್ಮ ಎಎಂಸಿ ಮುಗೀತಾ ಬಂತು, ಇವತ್ತೇ ಕಟ್ಟಿದ್ರೆ ಆಫರ್" ಅಂತ ಫೋನ್ ಬಂದರೆ ತಕ್ಷಣ ನಂಬಬೇಡಿ. ಹಳೇ ಗ್ರಾಹಕರ ಪಟ್ಟಿ ಹಿಡಿದುಕೊಂಡು ಕಂಪನಿ ಹೆಸರಲ್ಲಿ ವಸೂಲಿ ಮಾಡುವವರಿದ್ದಾರೆ. ಗೂಗಲ್ಲಿನಲ್ಲಿ ಸಿಕ್ಕ ನಂಬರಿಗೂ ಮಾಡಬೇಡಿ. ಯಂತ್ರದ ಮೇಲಿನ ಸ್ಟಿಕರಿನ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ದುಡ್ಡು ಕಂಪನಿ ಖಾತೆಗೆ ಹೋಗಬೇಕು, ಟೆಕ್ನಿಷಿಯನ್ ಹುಡುಗನ ಸ್ವಂತ ನಂಬರಿಗಲ್ಲ. ಮೋಸ ಹೋಗಿದ್ದು ಗೊತ್ತಾದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಟೊಪೇ ಒಪ್ಪಿಗೆ ಕೊಟ್ಟಿದ್ದರೆ ವರ್ಷವರ್ಷ ತಾನಾಗೇ ಕಡಿತವಾಗುತ್ತದೆ. ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕಿನಿಂದ ಸಂದೇಶ ಬರಬೇಕು ಅನ್ನೋದು ರಿಸರ್ವ್ ಬ್ಯಾಂಕ್ ನಿಯಮ. ಯುಪಿಐ ಆ್ಯಪಿನಲ್ಲೇ ಅದನ್ನು ರದ್ದು ಮಾಡಬಹುದು, ಕಂಪನಿಯ ಅಪ್ಪಣೆ ಬೇಕಿಲ್ಲ. ಸೇರೋದು ಸುಲಭ, ಬಿಡೋದು ಕಷ್ಟ ಅನ್ನೋ ಇಂಥ ಬಲೆಯನ್ನು ಕೇಂದ್ರ ಸರ್ಕಾರ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ಆನ್‌ಲೈನ್ ತಂತ್ರ) ಮಾರ್ಗಸೂಚಿ ಹೆಸರಿಸಿಯೇ ನಿಷೇಧಿಸಿದೆ.

ಬಿಲ್ಲು ಯಾರ ಹೆಸರಿಗೆ ಅನ್ನೋದೂ ಮುಖ್ಯ. ವ್ಯಾಪಾರಕ್ಕೆಂದು ತಗೊಂಡ ಸೇವೆಗೆ ಈ ಕಾಯ್ದೆಯ ರಕ್ಷಣೆ ಇಲ್ಲ. ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆಗೆ ತಗೊಂಡಿದ್ದರೆ ಮಾತ್ರ ಇದೆ. ಮನೆಯವರೇ ಅಡುಗೆ ಮಾಡಿ ಬಡಿಸುವ ಎರಡು ಕೋಣೆಯ ಹೋಂಸ್ಟೇಗೆ ಹೀಗೆ ವಾದಿಸಬಹುದು, ಇಪ್ಪತ್ತು ಕಾಟೇಜಿನ ರೆಸಾರ್ಟಿಗೆ ಕಷ್ಟ. ಸ್ವಂತ ತೋಟದ ಅಡಿಕೆ ಸುಲಿಯುವ ಯಂತ್ರಕ್ಕೆ ಹೆದರಬೇಕಿಲ್ಲ. ಬಿತ್ತನೆ ಬೀಜದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ರೈತರೂ ಗ್ರಾಹಕರೇ ಎಂದಿದೆ. ಮನೆಯ ಫ್ರಿಜ್ಜಿಗೆ ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿಸಿ ನಾಲ್ಕು ಕಾಸು ಉಳಿಸೋ ಆಸೆ ಬೇಡ. ನಾಳೆ ಅದೇ ನಂಬರನ್ನು ಎದುರಿನವರು ತೋರಿಸುತ್ತಾರೆ.

ಕೆಟ್ಟ ದಿನ

ಗೊತ್ತಿರೋ ಹುಡುಗನಿಗೆ ಫೋನ್ ಮಾಡಿ "ಬಾರೋ ಮಾರಾಯ" ಅನ್ನೋದು ನಮ್ಮ ಅಭ್ಯಾಸ. ಅದನ್ನೂ ಮಾಡಿ, ಆದರೆ ಮೊದಲು ಕಸ್ಟಮರ್ ಕೇರಿನಲ್ಲಿ ದೂರು ದಾಖಲಿಸಿ. ದೂರಿನ ಸಂಖ್ಯೆ ಇರುವ ಎಸ್ಸೆಮ್ಮೆಸ್ ಅಳಿಸಬೇಡಿ. ಎಷ್ಟು ದಿನ ಕಾಯಿಸಿದರು ಅನ್ನೋದಕ್ಕೆ ಅದೇ ಸಾಕ್ಷಿ.

ಅವರು ಬಂದು ಬಿಚ್ಚಿದಾಗ ಫೋಟೊ ತೆಗೆಯಿರಿ. ಬಂದು ಏನು ಮಾಡಿದರು ಎಂದು ಬರೆಯುವ ಜಾಬ್ ಶೀಟಿಗೆ ಸಹಿ ಕೇಳುತ್ತಾರೆ. ಓದದೆ ಹಾಕಬೇಡಿ. "ಯಂತ್ರ ರಿಪೇರಿ ಆಗಿಲ್ಲ, ಬೋರ್ಡಿಗೆ 7,400 ಕೇಳಿದ್ದಾರೆ, ನಾನು ಒಪ್ಪಿಲ್ಲ" ಎಂದು ಬರೆದು ಆಮೇಲೆ ಹಾಕಿ. ಆ ಶೀಟಿನ ಫೋಟೊವೂ ಇರಲಿ.

ಇನ್ನೊಂದು ಹೊಸ ಆಟ ಇದೆ. ದೂರು ದಾಖಲಾದ ಕೂಡಲೇ ಮೊಬೈಲಿಗೆ ಒಂದು ಕೋಡ್ ಬರುತ್ತದೆ. ಕೆಲವು ಕಂಪನಿಯವರು ಅದಕ್ಕೆ ಹ್ಯಾಪಿ ಕೋಡ್ ಅನ್ನುತ್ತಾರೆ. ನಮ್ಮ ಹುಡುಗನೂ ಅದನ್ನೇ ಕೇಳಿದ. ಮನೆ ಹತ್ತಿರ ಟವರ್ ಸಿಗಲ್ಲ ಎಂದೆ. ಪಾಪ, ಆ ಜಡಿಮಳೆಯಲ್ಲಿ ನನ್ನ ಛತ್ರಿ ಇಸಿದುಕೊಂಡು, ಇಬ್ಬರೂ ಮನೆ ಹಿಂದಿನ ದಿಣ್ಣೆ ಹತ್ತಿದೆವು. ಮೇಲೆ ಹೋದಾಗ ಮೆಸೇಜ್ ಬಂತು. ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಕೆಲಸ ತೃಪ್ತಿಯಾದರೆ ಮಾತ್ರ ಈ ಕೋಡ್ ಕೊಡಿ. ಕೊಟ್ಟರೆ ದೂರು ಮುಗಿಯಿತು ಎಂದು ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. "ಕೊಡಲ್ಲ ಕಣಪ್ಪ" ಎಂದೆ. "ಕೊಡದಿದ್ರೆ ನನಗೆ ಮೇಲಿಂದ ಬೈತಾರೆ ಸಾರ್" ಎಂದ. ಅದೂ ನಿಜವೇ ಇರಬೇಕು. ಕಾಫಿ ಕೊಟ್ಟು ಕಳಿಸಿದೆ, ಕೋಡ್ ಕೊಡಲಿಲ್ಲ. ನೀವೂ ಕೊಡಬೇಡಿ. ಹುಡುಗನ ಮೇಲೆ ರೇಗಲೂ ಬೇಡಿ, ಷರತ್ತು ಬರೆದವನು ಅವನಲ್ಲ.

ಪತ್ರ

ವಕೀಲರ ನೋಟಿಸೇ ಬೇಕೆಂದಿಲ್ಲ. ನೀವೇ ಬರೆಯಬಹುದು. ಒಂದು ಪ್ರತಿ ಕಂಪನಿಯ ಮುಖ್ಯ ಕಚೇರಿಗೆ, ಇನ್ನೊಂದು ಇಲ್ಲಿಯ ಡೀಲರಿಗೆ, ಇಮೇಲ್ ಬೇರೆ. ಇಬ್ಬರಿಗೂ ಕಳಿಸದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾ ಕೂರುತ್ತಾರೆ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಈಗ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ, ತಲುಪಿದ ದಾಖಲೆಯನ್ನು ಟ್ರ್ಯಾಕಿಂಗಿನಿಂದ ಪ್ರಿಂಟ್ ತೆಗೆದಿಡಿ.

ನಾನು ಬರೆದದ್ದು ಇಷ್ಟು:

"ನಿಮಗೆ ಹಣ ಕೊಟ್ಟು ವಾರ್ಷಿಕ ನಿರ್ವಹಣೆ ಒಪ್ಪಂದ ಮಾಡಿಕೊಂಡಿದ್ದೇನೆ. ರಸೀದಿಯ ಪ್ರತಿ ಲಗತ್ತಿಸಿದೆ. ಯಂತ್ರ ಕೆಟ್ಟ ದಿನವೇ ದೂರು ಕೊಟ್ಟೆ. ಆರು ದಿನದ ಮೇಲೆ ಬಂದ ನಿಮ್ಮವರು, ಹಲ್ಲಿಯಿಂದಾದ ಹಾನಿ ಒಪ್ಪಂದದಲ್ಲಿ ಸೇರಿಲ್ಲ ಎಂದು 7,400 ರೂಪಾಯಿ ಕೇಳಿದರು. ಈ ಷರತ್ತನ್ನು ಹಣ ಪಡೆಯುವಾಗ ನನಗೆ ತೋರಿಸಿಲ್ಲ, ಅದರ ಪ್ರತಿ ಕೊಟ್ಟಿಲ್ಲ, ನಾನು ಅದಕ್ಕೆ ಸಹಿ ಹಾಕಿಲ್ಲ. ಪತ್ರ ತಲುಪಿದ 15 ದಿನದೊಳಗೆ ಬೋರ್ಡನ್ನು ಉಚಿತವಾಗಿ ಬದಲಿಸಿ. ಇಲ್ಲವಾದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ."

ಇದರಲ್ಲಿ ಒಂದು ಮಾತು ಗಮನಿಸಿ. ಷರತ್ತು ಅನ್ಯಾಯದ್ದು ಎಂದು ನಾನು ಜಗಳ ತೆಗೆದಿಲ್ಲ. ಷರತ್ತನ್ನು ನನಗೆ ಹೇಳಿಯೇ ಇಲ್ಲ ಎಂದೆ. ತಿಳಿಸದೇ ಬಿಟ್ಟ ಇಂಥ ಷರತ್ತಿನ ಮರೆಯಲ್ಲಿ ಕಂಪನಿ ಅಡಗಿಕೊಳ್ಳುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಮಾಡರ್ನ್ ಇನ್ಸುಲೇಟರ್ಸ್ ಪ್ರಕರಣದಲ್ಲಿ ಹೇಳಿದೆ. 2022ರಲ್ಲೂ ಇನ್ನೊಂದು ಪ್ರಕರಣದಲ್ಲಿ ಅದೇ ದಾರಿ ಹಿಡಿದಿದೆ. ಎರಡೂ ವಿಮೆಯ ಪ್ರಕರಣಗಳು. ಆದರೆ ತರ್ಕ ಎಎಂಸಿಗೂ ಹೊಂದುತ್ತದೆ. ಹಳದಿ ರಸೀದಿ ಒಂದೇ ಇದ್ದದ್ದು ನನ್ನನ್ನು ಕಾಪಾಡಿತು ಅಂದದ್ದು ಇದಕ್ಕೇ.

ಪತ್ರ ತಲುಪಿದ ಹನ್ನೆರಡನೇ ದಿನ ಫೋನ್ ಬಂತು. "ಕಂಪನಿ ವತಿಯಿಂದ, ಒಂದು ಸಲಕ್ಕೆ ಮಾತ್ರ" ಎನ್ನುತ್ತಾ ಬೋರ್ಡ್ ಹಾಕಿಕೊಟ್ಟರು. ಹಾಗಾಗಿ ನಾನು ಆಯೋಗದ ಮೆಟ್ಟಿಲು ಹತ್ತಲಿಲ್ಲ. ಸಾಗರದ ನಮ್ಮ ಚಿಕ್ಕಮ್ಮ ಇನ್ವರ್ಟರ್ ವಿಷಯಕ್ಕೆ ಹತ್ತಿದರು, ಜೊತೆಗೆ ಕಾಗದ ಹೊರಲು ನಾನು.

1915

ಪತ್ರಕ್ಕೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲಿ ಮಾತಾಡಬಹುದು. ಅವರು ಕಂಪನಿಗೆ ದೂರು ದಾಟಿಸಿ ಉತ್ತರ ಕೇಳುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ದೊಡ್ಡ ಕಂಪನಿಗಳು ಇಲ್ಲೇ ಬಗ್ಗುವುದುಂಟು. ಆನ್‌ಲೈನಿನಲ್ಲಿ ಕೊಂಡ ವಾರಂಟಿಯಾದರೆ ಆ ತಾಣದ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. 48 ಗಂಟೆಯೊಳಗೆ ದೂರು ತಲುಪಿದೆ ಎಂದು ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು ಅನ್ನೋದು 2020ರ ಇ-ಕಾಮರ್ಸ್ ನಿಯಮ.

ಆಯೋಗಕ್ಕೆ ಹೋಗುವುದಾದರೆ

ಆಗ ಹೇಳಿದ ಸಿಕ್ಕು ಇಲ್ಲಿದೆ. ಸೇವೆ ಸರಿಯಿಲ್ಲ ಅನ್ನೋ ದೂರನ್ನು ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ ಕೇಳುತ್ತದೆ. ಆದರೆ ಒಪ್ಪಂದವೇ ಅನ್ಯಾಯದ್ದು, ಈ ಷರತ್ತನ್ನು ರದ್ದು ಮಾಡಿ ಎಂದರೆ, ಕೊಟ್ಟದ್ದು 4,000 ರೂಪಾಯಿ ಆಗಿದ್ದರೂ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕು. ಷರತ್ತನ್ನು ಅನೂರ್ಜಿತ ಎಂದು ಸಾರುವ ಅಧಿಕಾರವನ್ನು ಕಾಯ್ದೆ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಕ್ಕೆ ಕೊಟ್ಟಿದೆ. ಇದು ಎಡವಟ್ಟು ವ್ಯವಸ್ಥೆ ಅನ್ನೋದು ನನ್ನ ಅಭಿಪ್ರಾಯ. ಅನ್ಯಾಯದ ಷರತ್ತು ಹೆಚ್ಚಾಗಿ ಸಿಗುವುದೇ ಸಣ್ಣ ಒಪ್ಪಂದಗಳಲ್ಲಿ, ಅದಕ್ಕೆ ಬೆಂಗಳೂರಿಗೆ ಯಾರು ಓಡಾಡುತ್ತಾರೆ? ಅದಕ್ಕೇ ದೂರನ್ನು ಸೇವೆಯ ಕೊರತೆ, ಅನುಚಿತ ವ್ಯಾಪಾರ ಪದ್ಧತಿ ಎಂದು ಬರೆಯಿರಿ. ತಡವಾಗಿ ಬಂದರು, ಷರತ್ತು ಮುಚ್ಚಿಟ್ಟರು, ಹೇಳಿದ ಮಾತು ನಡೆಸಲಿಲ್ಲ. ಇಷ್ಟಕ್ಕೆ ಶಿವಮೊಗ್ಗವೇ ಸಾಕು.

"ಎಲ್ಲ ವ್ಯಾಜ್ಯ ಮುಂಬೈ ನ್ಯಾಯಾಲಯಕ್ಕೆ ಮಾತ್ರ" ಎಂದು ರಸೀದಿ ಹಿಂದೆ ಬರೆದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಗ್ರಾಹಕ ವಾಸವಿರುವ ಇಲ್ಲವೇ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂದು 2019ರ ಕಾಯ್ದೆಯ 34ನೇ ಕಲಮು ಹೇಳುತ್ತದೆ. ಮಧ್ಯಸ್ಥಿಕೆಗೇ ಹೋಗಬೇಕು ಅನ್ನೋ ಷರತ್ತೂ ಆಯೋಗದ ಬಾಗಿಲು ಮುಚ್ಚುವುದಿಲ್ಲ.

ಶುಲ್ಕದ ಭಯ ಬೇಡ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ಲೆಕ್ಕ ನೀವು ಕೊಟ್ಟ ಹಣದ್ದು, ಕೇಳುವ ಪರಿಹಾರದ್ದಲ್ಲ. ತೊಂದರೆಯಾದ ದಿನದಿಂದ 2 ವರ್ಷದೊಳಗೆ ಹಾಕಬೇಕು. ವಕೀಲರು ಕಡ್ಡಾಯವಲ್ಲ. ಬೇಕೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಇದು ಚಿಕ್ಕಮ್ಮನಿಗೂ ಗೊತ್ತಿರಲಿಲ್ಲ.

2025ರ ಜನವರಿ 1ರಿಂದ ಇ-ಜಾಗೃತಿ ಜಾಲತಾಣ ಬಂದಿದೆ, ಮನೆಯಲ್ಲೇ ಕೂತು ದೂರು ಹಾಕಬಹುದು. ನಾವು ಹೋದಾಗ ಚಿಕ್ಕಮ್ಮ ಇನ್ವರ್ಟರ್ ಕಾಗದಗಳನ್ನೆಲ್ಲ ಮದುವೆ ಕರೆಯೋಲೆ ಇಡುವ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬಂದಿದ್ದರು. ಬಸ್ಸಿನಲ್ಲಿ ಕೂತು ತಾರೀಖಿನ ಪ್ರಕಾರ ಜೋಡಿಸಿದೆವು: ಬಿಲ್ಲು, ಒಪ್ಪಂದ, ದೂರಿನ ಮೆಸೇಜುಗಳ ಪ್ರಿಂಟ್, ಜಾಬ್ ಶೀಟ್, ಪತ್ರ, ಅಂಚೆ ರಸೀದಿ. ಆನಂದಪುರ ದಾಟುವಷ್ಟರಲ್ಲಿ ಒಂದು ಜಾಬ್ ಶೀಟ್ ಇಲ್ಲ ಎಂದು ಗೊತ್ತಾಯಿತು. ಫ್ರಿಜ್ಜಿನ ಮೇಲೆ ಬಿಟ್ಟು ಬಂದಿದ್ದರು. ಫೋನಿನಲ್ಲಿ ಫೋಟೊ ಇದ್ದದ್ದಕ್ಕೆ ಬಚಾವು.

ದೂರು ಸ್ವೀಕರಿಸಬಹುದೇ ಎಂದು ಸಾಮಾನ್ಯವಾಗಿ 21 ದಿನದಲ್ಲಿ ತೀರ್ಮಾನವಾಗಬೇಕು. ಎದುರಿನವರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15. ಅದರಾಚೆ ಒಂದು ದಿನವೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ವಸ್ತುವಿನ ಪರೀಕ್ಷೆ ಬೇಕಿಲ್ಲದ ಪ್ರಕರಣ 3 ತಿಂಗಳಲ್ಲಿ, ಬೇಕಿದ್ದರೆ 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅನ್ನುತ್ತದೆ ಕಾಯ್ದೆ. ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ ಅಂತಲೇ ಇಟ್ಟುಕೊಳ್ಳಿ. ನಡುವೆ ರಾಜಿಗೆ ಕರೆದರೆ ಹೋಗಿ. ಚಿಕ್ಕಮ್ಮನದು ಹಾಗೇ ಮುಗಿಯಿತು. ಹೊಸ ಬ್ಯಾಟರಿ ಬಂತು, ಓಡಾಟದ ಖರ್ಚು ಬರಲಿಲ್ಲ. ಆ ಬಗ್ಗೆ ಅವರಿಗೆ ಈಗಲೂ ಸಿಟ್ಟಿದೆ.

ಆದೇಶ ಬಂದ ಮೇಲೆ ಮೇಲ್ಮನವಿಗೆ 45 ದಿನ. ಹಣ ಕೊಡಬೇಕಾದವರು ಮೇಲ್ಮನವಿ ಹಾಕಿದರೆ ಅರ್ಧ ಮೊತ್ತ ಕಟ್ಟಿಯೇ ಹಾಕಬೇಕು. ಆದೇಶ ಪಾಲಿಸದೇ ಕೂತರೆ ಒಂದು ತಿಂಗಳಿಂದ ಮೂರು ವರ್ಷ ಜೈಲು, ಇಲ್ಲವೇ 25,000ದಿಂದ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕೆ ನೀವೇ ಮತ್ತೆ ಅದೇ ಆಯೋಗಕ್ಕೆ ಅರ್ಜಿ ಕೊಡಬೇಕು.

ಈ ವರ್ಷ ನವೀಕರಣಕ್ಕೆ ಅದೇ ಹುಡುಗ ಬಂದಿದ್ದ. ಕಾಗದದ ಅಂಚಿನಲ್ಲಿ "ಹಲ್ಲಿ, ಇರುವೆಯಿಂದ ಕೆಟ್ಟರೂ ಕವರ್ ಆಗುತ್ತದೆ" ಎಂದು ಬರೆದು ಸಹಿ ಹಾಕು ಎಂದೆ. ದಿಣ್ಣೆ ಹತ್ತಿ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ ಬಂದ. "ಆಗಲ್ವಂತೆ ಸಾರ್." ಸರಿ, ಹಾಗಾದರೆ ಬೇಡ ಎಂದೆ. ಹೋಗುವಾಗ ಅವನೇ ಹೇಳಿದ: "ಮಷೀನ್ ಅಡಿಗೆ ಜಾಲರಿ ಹಾಕಿಸಿ ಸಾರ್, ಹಲ್ಲಿ ಬರಲ್ಲ." ಹಾಕಿಸಿದ್ದೇನೆ.